ಮನೆಗೆ ಮರಳುವ ಪೆಟ್ರೋಲು

ಮುಗುಮೊಯಿನಿಯಲ್ಲಿ ನಡೆದದ್ದಕ್ಕೆಲ್ಲ ನಾನೇ ಕಾರಣ ಎಂದು ಈಗಲೂ ಕೆಲವರು ಹೇಳುತ್ತಾರೆ. ಮೂವತ್ತೊಂದು ವರ್ಷ ಇಲ್ಲಿನ ಪ್ರೈಮರಿ ಶಾಲೆಯಲ್ಲಿ ಲೆಕ್ಕ ಕಲಿಸಿದವನು ನಾನು. ನನ್ನ ಲೆಕ್ಕ ಅವತ್ತೂ ಸರಿಯಿತ್ತು, ಇವತ್ತೂ ಸರಿಯಿದೆ. ತಪ್ಪೇನಾದರೂ ಇದ್ದರೆ ಅದು ಗಚೇರುವಿನದು, ಇಲ್ಲವೇ ಚರ್ಚಿನ ಹಾಡುಗಾರರದು. ಪೂರ್ತಿ ಕೇಳಿ ಆಮೇಲೆ ನೀವೇ ತೀರ್ಮಾನಿಸಿ.

ಗಚೇರು ನನ್ನ ಪಕ್ಕದ ಮನೆಯವನು. ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತಿ ಒತ್ತಿಯೇ ನಿವೃತ್ತನಾದ. ಅವನ ಹತ್ತಿರ ಒಂದು ಪ್ಯೂಜೊ ಕಾರಿದೆ. ಎಪ್ಪತ್ತೇಳನೇ ಇಸವಿಯದು. ಬಣ್ಣ ಬಿಳಿ ಎಂದು ಕಾಗದಪತ್ರದಲ್ಲಿ ಬರೆದಿದೆ. ಒಂದು ಕಾಲಕ್ಕೆ ಈ ದೇಶದ ರಸ್ತೆಗಳನ್ನೆಲ್ಲ ಆಳಿದ ಕುಲದ ಕಾರು ಅದು. ಈಗ ಹತ್ತೂರು ಸುತ್ತಿದರೆ ಒಂದು ಸಿಕ್ಕೀತು. ಹಾಗಾಗಿ ಗಚೇರುವಿಗೆ ಅದರ ಮೇಲೆ ಭಾರಿ ಅಭಿಮಾನ. ಶನಿವಾರ ಅದನ್ನು ತೊಳೆಯುವಾಗಲೂ ಕೋಟು ಹಾಕಿಕೊಂಡೇ ತೊಳೆಯುತ್ತಾನೆ.

ಅವನ ಹೆಂಡತಿ ನ್ಯೋಕಾಬಿಗೂ ಆ ಕಾರಿಗೂ ಎಣ್ಣೆ ಸೀಗೆಕಾಯಿ. ಕಾರಿನೊಳಗೆ ಸದಾ ಪೆಟ್ರೋಲಿನ ವಾಸನೆ. ಚರ್ಚಿಗೆಂದು ಉಟ್ಟ ಬಟ್ಟೆಗೂ ಅದೇ ವಾಸನೆ, ತಲೆಗೆ ಸುತ್ತಿದ ವಸ್ತ್ರಕ್ಕೂ ಅದೇ ವಾಸನೆ. ತಾನು ಹೋಗಿ ಕೂತ ಕೂಡಲೇ ಪಕ್ಕದ ಬೆಂಚಿನವರು ಮೇಣದಬತ್ತಿಗಳನ್ನು ಎತ್ತಿ ದೂರ ಇಡುತ್ತಾರೆ ಎಂದು ಅವಳ ದೂರು. ಗಚೇರುವಿಗೆ ಹೆಂಡತಿ ಎಂದರೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವುದನ್ನು ಅಂಚೆ ಇಲಾಖೆಯಲ್ಲಿ ಯಾರೂ ಕಲಿಸುವುದಿಲ್ಲ. ಅವನು ಹೇಳುವ ಬದಲು ಕಾರಿನ ಕೆಳಗೆ ನುಗ್ಗಿ ವಾಸನೆಯ ಮೂಲ ಹುಡುಕಿದ. ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ ಕಿರುಬೆರಳು ಗಾತ್ರದ ಒಂದು ಕೊಳವೆ ಬಾಯಿ ತೆರೆದುಕೊಂಡು ಕೂತಿತ್ತು. ಯಾವುದಕ್ಕೂ ಸೇರಿರದ, ಏನೂ ಕೆಲಸವಿರದ ಕೊಳವೆ. ಮುಸುಕಿನ ಜೋಳದ ದಿಂಡನ್ನು ಕೆತ್ತಿ, ಮೇಣದಲ್ಲಿ ಅದ್ದಿ, ಅದರ ಬಾಯಿಗೆ ಗಟ್ಟಿಯಾಗಿ ಬಿರಡೆ ಜಡಿದ. ವಾಸನೆ ನಿಂತಿತು. ಹೆಂಡತಿ ತಾನಾಗಿಯೇ ಗಮನಿಸಿ ಒಂದು ಮಾತು ಹೇಳಲಿ ಎಂದು ಕಾದ.

ನ್ಯೋಕಾಬಿ ಗಮನಿಸಿದ್ದು ಬೇರೆಯದನ್ನು. ಅವತ್ತಿನಿಂದ ಕಾರು ಸ್ವಲ್ಪ ಏರು ಸಿಕ್ಕಿದರೂ ಕೆಮ್ಮಿ ಕೆಮ್ಮಿ ನಿಲ್ಲತೊಡಗಿತು. ನಮ್ಮೂರು ಇರುವುದು ಬೆಟ್ಟದ ಬುಡದಲ್ಲಿ, ಅವಳ ಅಕ್ಕತಮ್ಮಂದಿರೆಲ್ಲ ಇರುವುದು ಬೆಟ್ಟದ ಮೇಲೆ ಕಿನಾಂಗೊಪ್‌ನಲ್ಲಿ. ಅಕ್ಕನ ಮಗಳ ಮದುವೆಗೆ ಇಬ್ಬರೂ ಹೊರಟರು. ನೀಲಗಿರಿ ಮರಗಳ ತಿರುವಿನಲ್ಲಿ ಕಾರು ನಿಂತಿತು. ಗಚೇರು ಮುಂದಿನ ಮುಚ್ಚಳ ತೆಗೆದು ಎಂಜಿನ್ನನ್ನು ನೋಡುತ್ತ ನಿಂತ. ಅವನಿಗೆ ಗೊತ್ತಿದ್ದ ರಿಪೇರಿ ಅದೊಂದೇ. ಎರಡು ಗಂಟೆ ಹೊತ್ತು ಅವನು ಎಂಜಿನ್ ನೋಡಿದ, ಅವಳು ಅವನನ್ನು ನೋಡಿದಳು. ಕಡೆಗೆ ಕೋಸಿನ ಲಾರಿಯೊಂದು ಬಂತು. ಹೊಸ ಬಟ್ಟೆ ಉಟ್ಟ ನ್ಯೋಕಾಬಿ ಗಂಡನ ಜೊತೆ ಕೋಸಿನ ಮೂಟೆಗಳ ಮೇಲೆ ಕೂತು ಮದುವೆಮನೆಗೆ ಹೋಗಿ ಇಳಿಯುವಾಗ ಪಾತ್ರೆ ತೊಳೆಯುತ್ತಿದ್ದರಂತೆ. ಬೀಗರು, ನೆಂಟರು, ಪಾದ್ರಿ ಎಲ್ಲರೂ ನೋಡಿದರು. ಅಷ್ಟೂ ಜನರ ಎದುರಿಗೆ ಅವಳು ಗಂಡನಿಗೆ ಹೇಳಿದಳು.

"ಮುಥೋನಿಯ ಅಪ್ಪ, ನೀನು ಹೋಗು. ನಾನು ಇಲ್ಲೇ ಇರ್ತೀನಿ. ನಿನ್ನ ಕಾರು ತಾನಾಗಿ ಹತ್ತಿ ಈ ಗೇಟಿನವರೆಗೂ ಬರುತ್ತಲ್ಲ, ಆ ದಿನ ನಾನೂ ಮನೆಗೆ ಬರ್ತೀನಿ."

ಮುಥೋನಿ ಅವರ ಮಗಳು, ಗಂಡನ ಜೊತೆ ಮೊಂಬಾಸಾದಲ್ಲಿದ್ದಾಳೆ. ಮಗಳ ಹೆಸರು ಹಿಡಿದು ಗಂಡನನ್ನು ಕರೆಯುವುದು ನಮ್ಮಲ್ಲಿ ಮರ್ಯಾದೆ. ಅಷ್ಟು ಮರ್ಯಾದೆಯಿಂದ ಅಷ್ಟು ಗಟ್ಟಿ ಮಾತನ್ನು ಯಾರೂ ಆಡಿದ್ದನ್ನು ನಾನು ಕೇಳಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆಯಿತು. ಗಚೇರು ಮೂರು ಸಲ ಕಾರು ಹತ್ತಿಸಲು ಹೋದ. ಮೂರು ಸಲವೂ ಅದೇ ನೀಲಗಿರಿ ತಿರುವಿನಿಂದ ವಾಪಸಾದ. ಅಲ್ಲಿ ಆಲೂಗಡ್ಡೆ ಮಾರುವ ಹೆಂಗಸರು ಅವನಿಗಾಗಿ ಒಂದು ಸ್ಟೂಲನ್ನು ಬೇರೆಯಾಗಿಯೇ ಇಟ್ಟಿದ್ದರು. ಮಟಾಟು ವ್ಯಾನು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ, ಹೋಗಿ ಕರೆದುಕೊಂಡು ಬಾರಯ್ಯ ಎಂದು ನಾವೆಲ್ಲ ಹೇಳಿದೆವು. ಕಾರು ಬರಬೇಕು ಎಂದವಳ ಮುಂದೆ ಕಾಲಲ್ಲಿ ಹೋಗಿ ನಿಂತರೆ ಗಂಡಸು ಎನ್ನುತ್ತಾರೆಯೇ ಎಂದು ಅವನು ಕೇಳಿದ.

ಆದರೆ ದಿನಾ ಸಂಜೆ ನಾಲ್ಕಕ್ಕೆ ಗತೋನಿಯ ಚಹಾ ಅಂಗಡಿಗೆ ಬರುತ್ತಿದ್ದ. ಅಂಗಡಿ ಇರುವುದು ಕಿನಾಂಗೊಪ್‌ನ ಮಟಾಟು ನಿಲ್ಲುವ ಜಾಗದಲ್ಲೇ. ಚಹಾ ಕುಡಿಯಲು ಬಂದೆ ಎನ್ನುತ್ತಿದ್ದ. ವ್ಯಾನು ಬಂದು ನಿಂತಾಗ ಇಳಿಯುವವರ ಕಾಲುಗಳನ್ನು ಒಂದೊಂದಾಗಿ ನೋಡುತ್ತಿದ್ದ. ಕೊನೆಯ ಕಾಲು ಇಳಿದು ಬಾಗಿಲು ಹಾಕಿಕೊಂಡ ಮೇಲೆ ಚಹಾ ಕಡೆ ತಿರುಗಿದರೆ ಅದಾಗಲೇ ಕೆನೆ ಕಟ್ಟಿರುತ್ತಿತ್ತು. ಗತೋನಿಗೆ ಬಾಯಿ ಜೋರು, ಊರಿಗೆಲ್ಲ ಸುದ್ದಿ ಹಂಚುವವಳು ಅವಳೇ. ಅವಳೂ ಆ ಹೊತ್ತಿನಲ್ಲಿ ಮಾತಾಡದೆ ಚಹಾವನ್ನು ಇನ್ನೊಮ್ಮೆ ಬಿಸಿ ಮಾಡಿ ಕೊಡುತ್ತಿದ್ದಳು. ನನಗಂತೂ ಅವನ ಮುಖ ನೋಡಲು ಆಗುತ್ತಿರಲಿಲ್ಲ.

ನಾನೇ ಅವನನ್ನು ಮುಟುರಿಯ ಹತ್ತಿರ ಕರೆದುಕೊಂಡು ಹೋದೆ. ಮುಟುರಿ ಅತ್ತಿಮರದ ಕೆಳಗೆ ಕಾರು ರಿಪೇರಿ ಮಾಡುವವನು. ಗೋಡೆಯಿಲ್ಲ, ಸೂರಿಲ್ಲ, ಬೋರ್ಡಿಲ್ಲ. ಆದರೂ ನೈರೋಬಿಯಿಂದ ಹಳೇ ಕಾರಿನವರು ಹುಡುಕಿಕೊಂಡು ಬರುತ್ತಾರೆ. ಅವನು ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಊರಾಚೆಯ ದಿಬ್ಬದಲ್ಲಿ ಕಾರು ನಿಲ್ಲುವ ತನಕ ಓಡಿಸಿ, ಹಿಂದೆ ಹೋಗಿ ಪೆಟ್ರೋಲ್ ಹಾಕುವ ಮುಚ್ಚಳ ತಿರುಗಿಸಿದ. ಟ್ಯಾಂಕು ದೀರ್ಘವಾಗಿ ನಿಟ್ಟುಸಿರು ಬಿಟ್ಟಿತು. ನಮ್ಮ ಸೋದರತ್ತೆಯೊಬ್ಬಳು ಹಾಗೆ ಬಿಡುತ್ತಿದ್ದಳು.

ಮುಟುರಿ ಹೇಳಿದ್ದು ಇಷ್ಟು. ಟ್ಯಾಂಕಿನಿಂದ ಪೆಟ್ರೋಲು ಹೊರಗೆ ಹೋದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಯಾರೋ ಮಹಾನುಭಾವರು ಗಾಳಿ ಕೊಳವೆಗೆ ಜೋಳದ ದಿಂಡು ಜಡಿದಿದ್ದಾರೆ. ಟ್ಯಾಂಕು ಉಸಿರು ಕಟ್ಟಿ ಪೆಟ್ರೋಲನ್ನು ಬಿಟ್ಟುಕೊಡುತ್ತಿಲ್ಲ. ಸಾಲದ್ದಕ್ಕೆ ಪೆಟ್ರೋಲಿನ ದಾರಿ ಬಿಸಿ ಎಂಜಿನ್ನಿನ ಮಗ್ಗುಲಲ್ಲೇ ಇದೆ. ಏರಿನಲ್ಲಿ ಅದು ಅಲ್ಲೇ ಕುದ್ದು ಆವಿಯಾಗುತ್ತದೆ. ಆವಿಯನ್ನು ಪಂಪು ತಳ್ಳಲಾರದು.

ಮುಟುರಿ ಕಿತ್ತುಕೊಟ್ಟ ದಿಂಡನ್ನು ಗಚೇರು ಕೈಗೆ ತೆಗೆದುಕೊಂಡ. ಹೆಂಡತಿಗೆಂದು ಮಾಡಿದ ಒಂದೇ ಒಂದು ಉಪಕಾರ ಅವಳನ್ನೇ ಮನೆ ಬಿಡಿಸಿತ್ತು. ಯಾರು ಜಡಿದದ್ದೋ ಕಾಣೆ ಎಂದು ಮುಟುರಿಗೆ ಹೇಳಿ ದಿಂಡನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಮುಟುರಿ ಮೂರು ದಿನ ಕೆಲಸ ಮಾಡಿದ. ಉಸಿರಿನ ಕೊಳವೆಗೆ ಹೊಸ ಪೈಪು ಜೋಡಿಸಿ, ಹಿಂದಿನ ಕಿಟಕಿಯ ಪಕ್ಕದ ಕಂಬದೊಳಗಿಂದ ಮೇಲಕ್ಕೆ ಹತ್ತಿಸಿ, ಒಂದು ಸುತ್ತು ಸುತ್ತಿಸಿ, ಬಾಯಿಯನ್ನು ಕಾರಿನ ಹೊರಗೆ ತಿರುಗಿಸಿದ. ಆಮೇಲೆ ಎಂಜಿನ್ನಿನ ಹತ್ತಿರದಿಂದ ಟ್ಯಾಂಕಿನವರೆಗೆ ಇನ್ನೊಂದು ಪೈಪು ಎಳೆದ. ಪಂಪು ಹೇಗೂ ಎಂಜಿನ್ ಕುಡಿಯುವುದಕ್ಕಿಂತ ಹೆಚ್ಚು ಪೆಟ್ರೋಲನ್ನು ತರುತ್ತದೆ, ಮಿಕ್ಕದ್ದು ಅಲ್ಲೇ ನಿಂತು ಕುದಿಯುವ ಬದಲು ಈ ದಾರಿಯಲ್ಲಿ ಟ್ಯಾಂಕಿಗೆ ವಾಪಸ್ ಹೋಗಲಿ, ತಣ್ಣಗಾಗಲಿ ಎಂದ. ಎಷ್ಟು ವಾಪಸ್ ಹೋಗುತ್ತದೆ ಎಂದು ಗಚೇರು ಕೇಳಿದ. ಬಹುಪಾಲು ಎಂದ ಮುಟುರಿ. ಅದು ಸತ್ಯವೇ. ಊರು ಹಾಳಾಗಲು ಸುಳ್ಳೇ ಬೇಕೆಂದಿಲ್ಲ.

ಅವತ್ತು ಸಂಜೆ ಗತೋನಿಯ ಅಂಗಡಿಯಲ್ಲಿ ಜನ ತುಂಬಿದ್ದರು. ಆ ವರ್ಷ ಪೆಟ್ರೋಲ್ ಬೆಲೆ ಮೂರನೇ ಸಲ ಏರಿತ್ತು. ಮಟಾಟುವಿನವರು ಬಯ್ಯುತ್ತಿದ್ದರು, ಬೈಕಿನವರು ಬಯ್ಯುತ್ತಿದ್ದರು. ನಾಲ್ಕು ತಿಂಗಳಿನಿಂದ ತಲೆ ತಗ್ಗಿಸಿ ಕೂರುತ್ತಿದ್ದ ಗಚೇರು ಅವತ್ತು ಎದೆ ಎತ್ತಿ ಕೂತಿದ್ದ.

"ನನಗೇನೂ ತೊಂದರೆ ಇಲ್ಲಪ್ಪ. ನನ್ನ ಕಾರಲ್ಲಿ ಪೆಟ್ರೋಲು ಟ್ಯಾಂಕಿಗೆ ವಾಪಸ್ ಬರುತ್ತೆ," ಎಂದ.

ಗತೋನಿ ಲೋಟ ತೊಳೆಯುವುದನ್ನು ನಿಲ್ಲಿಸಿದಳು. ಎಷ್ಟು ಎಂದು ಕೇಳಿದಳು. ಬಹುಪಾಲು ಎಂದು ಇವನು ಹೇಳಿದ. ಹತ್ತಕ್ಕೆ ಎಂಟು ಅಂತಿಟ್ಟುಕೊಳ್ಳಿ ಎಂದೂ ಸೇರಿಸಿದ. ಜನ ನನ್ನ ಕಡೆ ತಿರುಗಿದರು. ಅಲ್ಲಿದ್ದವರಲ್ಲಿ ಅರ್ಧ ಜನ ನನ್ನ ಶಿಷ್ಯರು. ಮೇಷ್ಟ್ರೇ, ಹಾಗಾದ್ರೆ ಟ್ಯಾಂಕು ಎಷ್ಟು ದಿನ ಬರುತ್ತೆ ಎಂದು ಕೇಳಿದರು. ಲೆಕ್ಕ ಕೇಳಿದರೆ ನಾನು ಸುಮ್ಮನಿರುವವನಲ್ಲ. ಇದ್ದಿಲು ತೆಗೆದುಕೊಂಡು ಗತೋನಿಯ ಗೋಡೆಯ ಮೇಲೆ ಬರೆದೆ. ಹತ್ತು ಲೀಟರ್ ಹೋದರೆ ಎಂಟು ವಾಪಸ್. ಆ ಎಂಟು ಹೋದರೆ ಆರೂ ಚಿಲ್ಲರೆ ವಾಪಸ್. ಆ ಆರು ಹೋದರೆ ಐದೂ ಚಿಲ್ಲರೆ. ಗೋಡೆ ಮುಗಿಯಿತು, ಪೆಟ್ರೋಲು ಮುಗಿಯಲಿಲ್ಲ.

"ಲೆಕ್ಕದ ಪ್ರಕಾರ ಸೊನ್ನೆ ಅನ್ನೋದು ಎಂದೂ ಬರಲ್ಲ," ಎಂದು ನಾನು ಹೇಳಿದೆ.

ಲೆಕ್ಕದ ಪ್ರಕಾರ ಎಂದಿದ್ದೆ. ಆ ಎರಡು ಪದಗಳನ್ನು ಊರು ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಅತ್ತಿಮರದ ಕೆಳಗೆ ಹನ್ನೊಂದು ಬೈಕು, ಎರಡು ಮಟಾಟು, ಒಂದು ಟ್ರ್ಯಾಕ್ಟರ್ ನಿಂತಿದ್ದವು. ಎಲ್ಲರಿಗೂ ವಾಪಸ್ ಪೈಪು ಬೇಕು. ಬೈಕಿಗೆ ಪಂಪೇ ಇಲ್ಲ, ಪೆಟ್ರೋಲು ಮೇಲಿನಿಂದ ತಾನಾಗಿ ಇಳಿಯುತ್ತದೆ, ಇಳಿದದ್ದು ಹತ್ತುವುದಿಲ್ಲ ಎಂದು ಮುಟುರಿ ಬಡಕೊಂಡ. ಗಚೇರುವಿಗೆ ಮಾಡಿದೆ, ನಮಗೆ ಮಾಡಲ್ಲ, ಯಾಕೆ, ನಾವು ಅಂಚೆಯವರಲ್ಲ ಅಂತಾನಾ ಎಂದು ಜಗಳಕ್ಕೆ ಬಂದರು. ಕಡೆಗೆ ಅವನು ಒಂದೊಂದು ಬೈಕಿಗೂ ಒಂದೊಂದು ಮೊಳ ಪೈಪು ಕಟ್ಟಿ ಕಳಿಸಿದ. ಎರಡೂ ತುದಿ ಎಲ್ಲಿಗೂ ಸೇರಿರಲಿಲ್ಲ. ಒಂದು ವಾರದ ಮೇಲೆ ಹತ್ತು ಜನ ಉಳಿತಾಯ ಗೊತ್ತಾಗುತ್ತಿದೆ ಎಂದು ಸಾಕ್ಷಿ ಹೇಳಿದರು. ಹನ್ನೊಂದನೆಯ ಬೈಕು ನನ್ನದು, ಅದರ ವಿಷಯ ಬೇಡ.

ಚೀಫ್ ಕಮಾಂಡೆ ಬಂದರು. ನಮ್ಮ ಭಾಗಕ್ಕೆ ಸರ್ಕಾರದ ಚೀಫ್ ಅವರೇ. ಖಾಕಿ ಬಟ್ಟೆ, ತಲೆಯ ಮೇಲೆ ಟೋಪಿ, ಕಂಕುಳಲ್ಲಿ ಕೋಲು. ಅವರ ಕಚೇರಿಯ ಜೀಪಿಗೆ ತಿಂಗಳಿಗೆಂದು ಬರುವ ಪೆಟ್ರೋಲು ಐದನೇ ತಾರೀಕಿಗೆ ಮುಗಿಯುತ್ತದೆ. ಅದು ಯಾವ ಪೈಪಿನಲ್ಲಿ ಯಾರ ಮನೆಗೆ ವಾಪಸ್ ಹೋಗುತ್ತದೆ ಎಂಬುದು ಮುಟುರಿಯ ವಿದ್ಯೆಗೂ ಮೀರಿದ್ದು. ಚೀಫರು ಸ್ವತಃ ಪರೀಕ್ಷೆ ಮಾಡಬೇಕೆಂದರು. ಕಾರಿನಲ್ಲಿ ಕೂತು ಪೆಟ್ರೋಲಿನ ಮುಳ್ಳು ನೋಡಿದರು. ಮುಕ್ಕಾಲು ತೋರಿಸುತ್ತಿತ್ತು. ಪೇಟೆಗೆ ಹೋಗಿ ಬಂದು ಮತ್ತೆ ನೋಡಿದರು. ಮುಕ್ಕಾಲು. ಟೋಪಿ ತೆಗೆದು ಹಣೆ ಒರೆಸಿಕೊಂಡರು. ಟ್ಯಾಂಕು ಬಿಚ್ಚಿ ಜೋಡಿಸುವಾಗ ಒಳಗೆ ಪೆಟ್ರೋಲಿನ ಮಟ್ಟ ಅಳೆಯುವ ತೇಲುಬುರುಡೆ ಓರೆಯಾಗಿ ಸಿಕ್ಕಿಹಾಕಿಕೊಂಡಿತ್ತು ಎಂಬುದು ಮುಟುರಿಗೆ ಆಮೇಲೆ ತಿಳಿದದ್ದು. ಅವತ್ತು ನಾವೆಲ್ಲ ಮುಳ್ಳನ್ನು ನಂಬಿದೆವು. ಗಚೇರುವೂ ನಂಬಿದ. ತಾನು ಹೇಳಿದ್ದನ್ನು ನಾಲ್ಕು ಜನ ದೊಡ್ಡವರು ತನಗೇ ತಿರುಗಿ ಹೇಳಿದರೆ ಯಾರು ತಾನೇ ನಂಬುವುದಿಲ್ಲ?

ಪೊಲೀಸರ ಸರದಿಯೂ ಬಂತು. ರಸ್ತೆಗೆ ಮುಳ್ಳಿನ ಪಟ್ಟಿ ಅಡ್ಡ ಹಾಕಿ ನಿಲ್ಲುವ ಸಾರ್ಜೆಂಟ್ ಚೆಬೊಯಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಕಾರಿನ ಕೆಳಗೆ ಬಗ್ಗಿ ನೋಡಿ ಪೈಪುಗಳನ್ನು ಎಣಿಸಿದರು.

"ಒಂದು ಹೋಗೋಕೆ. ಒಂದು ಬರೋಕೆ. ಈ ಮೂರನೇದು ಏನಕ್ಕಯ್ಯ?"

"ಉಸಿರಾಡೋಕೆ, ಸಾರ್," ಎಂದ ಗಚೇರು.

"ಯಾರು ಉಸಿರಾಡೋಕೆ?"

"ಟ್ಯಾಂಕು, ಸಾರ್."

ಸಾರ್ಜೆಂಟರು ಪುಸ್ತಕ ತೆಗೆದು ಬರೆಯಲು ಹೊರಟರು. ಉಸಿರಾಡುವ ಟ್ಯಾಂಕಿಗೆ ಯಾವ ಕಲಮು ಹಚ್ಚಬೇಕೆಂದು ಹುಡುಕಿದರು, ಸಿಗಲಿಲ್ಲ. ಟ್ಯಾಂಕಿನ ಪಕ್ಕ ಕಿವಿಯಿಟ್ಟು ಕೇಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಬಾವಮೈದುನನ ಹತ್ತಿರವೂ ಒಂದು ಹಳೇ ಕಾರಿದೆ, ಮುಟುರಿ ಭಾನುವಾರ ಕೆಲಸ ಮಾಡುತ್ತಾನೆಯೇ ಎಂದು ವಿಚಾರಿಸಿದರು.

ತೊಂದರೆ ಶುರುವಾದದ್ದು ಇಲ್ಲಿಂದ. ನಮ್ಮಲ್ಲಿ ಕಾರಿದ್ದವನ ಕಾರು ಅರ್ಧ ಊರಿನದು. ಸಾವಾದರೆ, ಹೆರಿಗೆಯಾದರೆ, ಚರ್ಚಿನ ಸಭೆಯಿದ್ದರೆ ಬಂದು ಕೇಳುತ್ತಾರೆ, ಇಲ್ಲ ಎನ್ನುವಂತಿಲ್ಲ. ಕೇಳಿದವರು ಪೆಟ್ರೋಲು ಹಾಕಿಸಿ ವಾಪಸ್ ಕೊಡುತ್ತಾರೆ, ಅದು ಅಜ್ಜಂದಿರ ಕಾಲದ ನ್ಯಾಯ. ಈಗ ಯಾರೂ ಹಾಕಿಸಲಿಲ್ಲ. ತಾನಾಗಿ ವಾಪಸ್ ಬರುವುದಕ್ಕೆ ಮೇಲೆ ಸುರಿಯುವುದು ಕೆರೆಗೆ ನೀರು ಹೊತ್ತಂತೆ ಎಂದರು. ಹಾಡುಗಾರರ ತಂಡವಂತೂ ಶನಿವಾರ ಪೂರ್ತಿ ಒಂಬತ್ತು ಜನ ಅದರಲ್ಲಿ ತುಂಬಿಕೊಂಡು ಮೂರು ಚರ್ಚು ಸುತ್ತಿ ಬಂತು. ಹಾಡು ಚೆನ್ನಾಗಿತ್ತಂತೆ.

ಅದೇ ಶನಿವಾರ ಸಂಜೆ ನಾಲ್ಕರ ಮಟಾಟುವಿನಿಂದ ನ್ಯೋಕಾಬಿಯ ತಮ್ಮ ಇರುಂಗು ಇಳಿದ. ಆಲೂಗಡ್ಡೆ ಬೀಜ ಮಾರಲು ಬಂದವನು. ಗಚೇರು ಎದ್ದು ನಿಂತ. ಅಕ್ಕ ಚೆನ್ನಾಗಿದ್ದಾಳಾ ಎಂದು ಕೇಳಲು ಬಾಯಿ ಬರಲಿಲ್ಲ, ಬೆಟ್ಟದ ಮೇಲೆ ಚಳಿ ಹೇಗಿದೆ ಎಂದು ಕೇಳಿದ. ಚಳಿ ಇದೆ ಎಂದು ಇರುಂಗು ಹೇಳಿದ. ಚಹಾ ಕುಡಿದು, ಬಾಯಿ ಒರೆಸಿಕೊಂಡು, ನಿಮ್ಮ ಕಾರಿನ ಸುದ್ದಿ ನಮ್ಮಲ್ಲಿಗೂ ಬಂದಿದೆ ಬಾವ ಎಂದ.

"ಅಕ್ಕ ಏನಂದಳು?" ಎಂದು ಕೇಳಿದವಳು ಗತೋನಿ.

"ಅಕ್ಕ ಇಷ್ಟೇ ಅಂದಳು. ಪೆಟ್ರೋಲಿಗೂ ಮನೆಗೆ ವಾಪಸ್ ಹೋಗೋ ದಾರಿ ಮಾಡಿಕೊಟ್ಟಿದಾನಂತೆ, ಒಳ್ಳೇದಾಯ್ತು, ಅಂದಳು."

ಅಂಗಡಿಯಲ್ಲಿ ಯಾರೂ ನಗಲಿಲ್ಲ. ನನಗೆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಗಚೇರು ಮಾತ್ರ, ನೋಡಿದಿರಾ ಮೇಷ್ಟ್ರೇ, ಅವಳಿಗೂ ಕಾರಿನ ಮೇಲೆ ಗೌರವ ಬಂದಿದೆ ಎಂದು ನನ್ನ ಕಿವಿಯಲ್ಲಿ ಹೇಳಿದ.

ಭಾನುವಾರ ಹೊರಟೆವು. ಸಿಟ್ಟು ಮಾಡಿಕೊಂಡು ತವರಿಗೆ ಹೋದ ಹೆಂಡತಿಯನ್ನು ಕರೆತರಲು ಗಂಡ ಒಬ್ಬನೇ ಹೋಗಬಾರದು, ಹಿರಿಯನೊಬ್ಬ ಜೊತೆಗಿರಬೇಕು. ಆ ಹಿರಿಯ ನಾನು. ಹಿಂದಿನ ಸೀಟಿನಲ್ಲಿ ಸಕ್ಕರೆ, ಚಹಾ ಪುಡಿ, ಅಡುಗೆ ಎಣ್ಣೆ, ನಾಲ್ಕು ಬ್ರೆಡ್ಡು. ಗಚೇರು ಕೋಟಿಗೆ ಇಸ್ತ್ರಿ ಮಾಡಿಸಿದ್ದ. ಪೆಟ್ರೋಲ್ ಬಂಕಿನ ಮುಂದೆ ಹೋಗುವಾಗ ಅಲ್ಲಿನವನು ಕೈಯೆತ್ತಿ ಕರೆದ. ಗಚೇರು ಮುಳ್ಳಿನ ಕಡೆ ಒಮ್ಮೆ ನೋಡಿ ಬಂಕಿನವನಿಗೆ ದೊಡ್ಡ ಮನುಷ್ಯನ ಹಾಗೆ ಕೈಬೀಸಿದ. ನಾನೂ ಬೀಸಿದೆ.

ಕಾರು ಹತ್ತಿತು. ಹಳ್ಳದ ಸೇತುವೆ ದಾಟಿ, ಮೊದಲ ತಿರುವು ದಾಟಿ ಹತ್ತಿತು. ಎಂಜಿನ್ ಸದ್ದು ಕಣಿವೆಗೆಲ್ಲ ಕೇಳುತ್ತಿತ್ತು. ನೀಲಗಿರಿ ತಿರುವು ಬಂದಾಗ ಆಲೂಗಡ್ಡೆ ಹೆಂಗಸರು ಸ್ಟೂಲು ಎತ್ತಿಕೊಂಡು ರಸ್ತೆ ಬದಿಗೆ ಬಂದರು. ಕಾರು ನಿಲ್ಲಲಿಲ್ಲ. ಅವರಲ್ಲೊಬ್ಬಳು ಸ್ಟೂಲು ಕೈಯಲ್ಲಿ ಹಿಡಿದೇ ನಾಲ್ಕು ಹೆಜ್ಜೆ ನಮ್ಮ ಜೊತೆ ಓಡಿದಳು. ಗಚೇರುವಿನ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲು ಸ್ಟೀರಿಂಗ್ ಬಿಡುವಂತಿರಲಿಲ್ಲ, ಹಾಗೇ ಹರಿಯಲು ಬಿಟ್ಟ.

ಇದು ಗಾಳಿ ತಣ್ಣಗಾಗುವ ಎತ್ತರ. ಎರಡು ಬದಿಗೂ ಕೋಸಿನ ಹೊಲ, ಕುರಿ, ಮಂಜು. ಕೊನೆಯ ಏರಿನ ತುದಿಯಲ್ಲಿ ನ್ಯೋಕಾಬಿಯ ಅಕ್ಕನ ಮನೆಯ ಹಸಿರು ಗೇಟು ಕಾಣಿಸಿತು. ಅರ್ಧ ಕಿಲೋಮೀಟರ್ ಇದ್ದೀತು. ನಾನು ಕೋಟಿನ ಗುಂಡಿ ಹಾಕಿಕೊಂಡೆ. ಅಷ್ಟರಲ್ಲಿ ಎಂಜಿನ್ ಒಂದು ಸಲ ಬಿಕ್ಕಿತು, ಇನ್ನೊಂದು ಸಲ ಬಿಕ್ಕಿತು, ನಿಂತಿತು.

ಗಚೇರು ಇಳಿದು ಈ ಸಲ ನೇರವಾಗಿ ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದ. ನಿಟ್ಟುಸಿರೇನೂ ಬರಲಿಲ್ಲ. ನಾನು ಬೇಲಿಯಿಂದ ಉದ್ದನೆಯ ಕಡ್ಡಿ ಮುರಿದು ಒಳಗೆ ಇಳಿಬಿಟ್ಟೆ. ಒಣಗಿದ ಕಡ್ಡಿ ಒಣಗಿದ ಹಾಗೇ ಮೇಲೆ ಬಂತು. ಗಚೇರು ಅದನ್ನು ಮೂಸಿ ನೋಡಿದ, ತಿರುಗಿಸಿ ನೋಡಿದ.

"ವಾಪಸ್ ಬರಬೇಕಿತ್ತಲ್ಲ ಮೇಷ್ಟ್ರೇ," ಎಂದ. "ಸೊನ್ನೆ ಬರಲ್ಲ ಅಂತ ನೀವೇ ಹೇಳಿದ್ರಿ."

ನನ್ನ ಲೆಕ್ಕದಲ್ಲಿ ಹಾಡುಗಾರರನ್ನು ಹಿಡಿದಿರಲಿಲ್ಲ ಎಂದು ಹೇಳಬೇಕೆಂದುಕೊಂಡೆ. ಅವನ ಮುಖ ನೋಡಿ ಹೇಳಲಿಲ್ಲ. ಇಸ್ತ್ರಿ ಮಾಡಿದ ಕೋಟಿನಲ್ಲಿ, ಕೈಯಲ್ಲಿ ಕಡ್ಡಿ ಹಿಡಿದು, ಅವನು ಆ ಗೇಟನ್ನು ನೋಡುತ್ತಿದ್ದ. ಅಷ್ಟು ಹತ್ತಿರ ಇದ್ದದ್ದು ಅಷ್ಟು ದೂರ ಇರುವುದನ್ನು ನಾನು ಯಾವ ಲೆಕ್ಕದಲ್ಲೂ ಕಂಡಿಲ್ಲ. ತಳ್ಳೋಣ ಎಂದೆ. ತಾನಾಗಿ ಹತ್ತಬೇಕು ಅಂದಿದಾಳೆ, ತಳ್ಳಿದರೆ ಆಗಲ್ಲ ಎಂದು ತಲೆಯಾಡಿಸಿದ. ಹಾಗಾದರೆ ಏನು ಮಾಡೋಣ ಎಂದೆ. ವಾಪಸ್ ಹೋಗೋಣ ಎಂದ.

ಆಗ ಗೇಟು ತೆರೆಯಿತು. ನ್ಯೋಕಾಬಿ ಹೊರಗೆ ಬಂದಳು. ಕಾಲಿಗೆ ರಬ್ಬರ್ ಬೂಟು, ಮೈಗೆ ಅಕ್ಕನ ಸ್ವೆಟರು, ಕೈಯಲ್ಲಿ ಬಟ್ಟೆಯ ಗಂಟು. ಇಳಿಜಾರಿನಲ್ಲಿ ಅವಸರವಿಲ್ಲದೆ ನಡೆದು ಬಂದಳು. ಆ ಎಂಜಿನ್ನಿನ ಸದ್ದು ಹಳ್ಳದ ಸೇತುವೆಯಿಂದಲೇ ಅವಳಿಗೆ ಕೇಳಿಸಿತ್ತಂತೆ. ಅದು ನೀಲಗಿರಿ ತಿರುವು ದಾಟಿದಾಗ ಗಂಟು ಕಟ್ಟಲು ಕೂತಳಂತೆ. ಇದನ್ನು ಆಮೇಲೆ ಅವಳ ಅಕ್ಕ ನನಗೆ ಹೇಳಿದ್ದು.

ಗಚೇರು ಅವಳ ಮುಖ ನೋಡಲಿಲ್ಲ. ರಬ್ಬರ್ ಬೂಟುಗಳಿಗೆ ಹೇಳಿದ.

"ಗೇಟಿನವರೆಗೂ ಬರಲಿಲ್ಲ ಕಣೆ."

"ಹೂಂ, ಕಾಣ್ತಾ ಇದೆ."

"ಇನ್ನೊಂದು ಸಲ ಬರ್ತೀನಿ. ಪೆಟ್ರೋಲು ಹಾಕಿಸಿಕೊಂಡು ಬರ್ತೀನಿ."

ನ್ಯೋಕಾಬಿ ಗಂಟನ್ನು ಕಾರಿನ ಮೇಲಿಟ್ಟಳು.

"ಮುಥೋನಿಯ ಅಪ್ಪ, ನಾನು ಒಂದು ಕೇಳ್ತೀನಿ. ಕಾರು ಬಂದ ದಿನ ನಾನು ಮನೆಗೆ ಬರ್ತೀನಿ ಅಂದೆ. ಅಲ್ಲಿವರೆಗೂ ನೀನು ಬರಬೇಡ ಅಂದೆನಾ?" ಎಂದಳು. "ನಾಲ್ಕು ತಿಂಗಳು. ದಿನಾ ಬೆಳಗ್ಗೆ ಬರೋ ಮಟಾಟು ನೋಡಿದೆ, ಮಧ್ಯಾಹ್ನದ್ದು ನೋಡಿದೆ. ಇಳಿಯೋರನ್ನೆಲ್ಲ ನೋಡಿದೆ. ಹಾಲಿನವನು ಇಳಿದ, ಪಾದ್ರಿ ಇಳಿದ, ಕುರಿ ಕೂಡ ಇಳೀತು. ನೀನು ಇಳೀಲಿಲ್ಲ."

ಗಚೇರು ಕಡ್ಡಿಯನ್ನು ಬೇಲಿಯ ಕಡೆ ಎಸೆದ. ಕೆಳಗೆ ಗತೋನಿಯ ಅಂಗಡಿಯಲ್ಲಿ ತಾನೂ ದಿನಾ ಹಾಗೇ ಕೂತಿದ್ದನ್ನು ಹೇಳಬಹುದಿತ್ತು, ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಹಿರಿಯನಾಗಿ ಬಂದದ್ದಕ್ಕೆ ಒಂದು ಮಾತಾದರೂ ಆಡಬೇಕಲ್ಲ. ನಾಲ್ಕು ಗಂಟೆಯ ಮಟಾಟು, ಕೆನೆ ಕಟ್ಟಿದ ಚಹಾ ಎಲ್ಲವನ್ನೂ ನಾನೇ ಹೇಳಿಬಿಟ್ಟೆ. ನ್ಯೋಕಾಬಿ ಕೇಳಿಸಿಕೊಂಡಳು. ಗಂಡನ ಕೋಟಿನ ಕಾಲರಿನ ಮೇಲಿದ್ದ ಬೇಲಿಯ ಎಲೆಯೊಂದನ್ನು ತೆಗೆದು ಬಿಸಾಕಿದಳು. ಆಮೇಲೆ ಮುಂದಿನ ಬಾಗಿಲು ತೆಗೆದು ಒಳಗೆ ಕೂತಳು.

ಅವಳ ಅಕ್ಕ, ಬಾವ, ಇರುಂಗು ಎಲ್ಲರೂ ಇಳಿದು ಬಂದರು. ನಾವು ತಂದದ್ದನ್ನು ರಸ್ತೆಯಲ್ಲೇ ಕೊಟ್ಟೆವು, ಅವರು ಒಂದು ಮೂಟೆ ಆಲೂಗಡ್ಡೆಯನ್ನು ನನ್ನ ಪಕ್ಕಕ್ಕೆ ಹಾಕಿದರು. ಒಳಗೆ ಬಂದು ಊಟ ಮಾಡದೆ ಹೋಗುವುದುಂಟೇ ಎಂದು ಅಕ್ಕ ಗೊಣಗಿದಳು. ಕಾರು ಗೇಟು ಮುಟ್ಟಿದ ದಿನ ಬಂದು ಉಣ್ಣುತ್ತೇವೆ ಎಂದು ನ್ಯೋಕಾಬಿ ಹೇಳಿದಳು. ಪೆಟ್ರೋಲು ತರಿಸಲು ಯಾರನ್ನಾದರೂ ಕಳಿಸೋಣವೇ ಎಂದು ಇರುಂಗು ಕೇಳಿದ. ಗಚೇರು ರಸ್ತೆಯ ಕಡೆ ನೋಡಿದ. ಇಲ್ಲಿಂದ ನಮ್ಮೂರಿನವರೆಗೆ ಹದಿನಾರು ಕಿಲೋಮೀಟರ್, ಒಂದೇ ಇಳಿಜಾರು. ಎಲ್ಲರೂ ಸೇರಿ ಕಾರನ್ನು ಹಿಂದುಮುಂದು ತಿರುಗಿಸಿ ಒಂದು ಸಲ ತಳ್ಳಿಕೊಟ್ಟರು.

ಎಂಜಿನ್ ಇಲ್ಲದೆ ಓಡುವ ಕಾರಿನಲ್ಲಿ ನೀವು ಕೂತಿದ್ದೀರೋ ಇಲ್ಲವೋ. ಗಾಳಿಯ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಕಾರಿನೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಿದ್ದು ಅವತ್ತೇ ಇರಬೇಕು. ನಾನು ಆಲೂಗಡ್ಡೆ ಮೂಟೆಗೆ ತಲೆ ಒರಗಿಸಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದೆ. ಕೋಳಿಗಳು ಎಷ್ಟಿವೆ ಎಂದು ಅವಳು ಕೇಳಿದಳು. ಏಳು ಎಂದ. ಹನ್ನೆರಡಿದ್ದವಲ್ಲ ಎಂದಳು. ಒಬ್ಬನೇ ಇದ್ದೆ, ಕೆಲವು ಸಲ ಬೇಳೆ ಬೇಯಿಸಲು ಬೇಜಾರಾಯಿತು ಎಂದ. ಮಲಗುವ ಕೋಣೆಯ ಸೂರು ಸೋರುವುದನ್ನು ಸರಿಮಾಡಿಸಿದೆಯಾ ಎಂದಳು. ಇಲ್ಲ, ಮಂಚವನ್ನು ಸರಿಸಿದೆ ಎಂದ. ತಿರುವಿನಲ್ಲಿ ಆಲೂಗಡ್ಡೆ ಹೆಂಗಸರು ಏನೋ ಕೂಗಿದರು.

"ವಾಸನೆ ಇಲ್ಲವಲ್ಲ," ಎಂದಳು ನ್ಯೋಕಾಬಿ.

ಗಚೇರು ಜೇಬಿನಿಂದ ಜೋಳದ ದಿಂಡು ತೆಗೆದು ಅವಳ ಮಡಿಲಿಗಿಟ್ಟ. ಎಲ್ಲವನ್ನೂ ಹೇಳಿದ, ಮೇಣದಲ್ಲಿ ಅದ್ದಿದ್ದನ್ನೂ ಬಿಡದೆ ಹೇಳಿದ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹಾಗಾದ್ರೆ ಅವತ್ತು ಕೋಸಿನ ಮೇಲೆ ಕೂತಿದ್ದು ನನ್ನ ಸಲುವಾಗೇನೆ," ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹಿಂದಿನ ಸೀಟಿನಿಂದ ಗೊತ್ತಾಗಲಿಲ್ಲ, ನಾನು ಕಣ್ಣು ತೆರೆಯಲೂ ಇಲ್ಲ.

ಸಂಜೆಯ ಹೊತ್ತಿಗೆ ಕಾರು ಉಸಿರೂ ಎತ್ತದೆ ಊರೊಳಗೆ ಜಾರಿ ಬಂದು ಸರಿಯಾಗಿ ಗತೋನಿಯ ಅಂಗಡಿ ಮುಂದೆ ನಿಂತಿತು. ನಿಲ್ಲಿಸಿದ್ದು ಗಚೇರು ಅಲ್ಲ, ಇಳಿಜಾರೇ ಅಲ್ಲಿಗೆ ಮುಗಿಯುತ್ತದೆ. ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ಚೀಫ್ ಕಮಾಂಡೆ, ಸಾರ್ಜೆಂಟ್ ಚೆಬೊಯಿ, ಬೈಕಿನವರು, ಲೋಟ ಹಿಡಿದ ಗತೋನಿ. ಸದ್ದಿಲ್ಲದೆ ಓಡುವ ಕಾರನ್ನು ಅವರು ಕಂಡಿದ್ದೇ ಇಲ್ಲ. ಚೀಫರು ಕಿಟಕಿಯಲ್ಲಿ ತಲೆ ಹಾಕಿ ಮುಳ್ಳು ನೋಡಿದರು. ಮುಕ್ಕಾಲು.

ಗಚೇರು ನನ್ನ ಕಡೆ ನೋಡಿದ. ನಿಜ ಹೇಳುವ ಕಾಲ ಬಂದಿದೆ ಎಂದು ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಇನ್ನೊಬ್ಬ ಹೇಳಲಿ ಎಂದು ಕಾದೆವು. ಅಷ್ಟರಲ್ಲಿ ನ್ಯೋಕಾಬಿ ಇಳಿದು ಸ್ವೆಟರು ಕೊಡವಿಕೊಂಡಳು. ಚೀಫರು ಅವಳನ್ನೇ ಕೇಳಿದರು.

"ಏನಮ್ಮ, ಅಷ್ಟು ದೂರದಿಂದ ಬಂದಿದೀರಿ. ಎಷ್ಟು ಕುಡೀತು ಪೆಟ್ರೋಲು?"

ನ್ಯೋಕಾಬಿ ಗಂಡನನ್ನು ಒಮ್ಮೆ ನೋಡಿದಳು. ಅವನು ತಲೆ ತಗ್ಗಿಸಿ ಕೋಟಿನ ಗುಂಡಿ ಹಿಡಿದುಕೊಂಡಿದ್ದ. ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಮ್ಮಕ್ಕನ ಮನೆಯಿಂದ ಇಲ್ಲಿವರೆಗೂ ಒಂದು ತೊಟ್ಟೂ ಇಲ್ಲ."

ಗಂಟನ್ನು ಗಂಡನ ಕೈಗೆ ಕೊಟ್ಟು, ಬಾ ಎಂದು ಹೇಳಿ, ಮನೆಯ ಕಡೆ ನಡೆದಳು. ಗಚೇರು ಕಾರನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೋದ. ಆ ಹೆಂಗಸು ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳಿದವಳಲ್ಲ ಎಂಬುದು ಇಡೀ ಮುಗುಮೊಯಿನಿಗೆ ಗೊತ್ತು. ಚೀಫರು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೆಟ್ಟಗೆ ಮುಟುರಿಯ ಅತ್ತಿಮರದ ದಾರಿ ಹಿಡಿದರು, ಉಳಿದವರೂ ಒಬ್ಬೊಬ್ಬರಾಗಿ ಅವರ ಹಿಂದೆ ಹೊರಟರು.